ಅರ ಕಚ್ಚದ ಉಕ್ಕು

ಅಂತ್ಯಕ್ರಿಯೆಗೆ ಬಂದ ನೆಂಟರಲ್ಲಿ ಕೊನೆಯವರೂ ಹಿಂದಿನ ಸಂಜೆ ಬಸ್ಸು ಹತ್ತಿದ್ದರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಎಂದಿನ ಹೊತ್ತಿಗೇ ಬಂತು. ಹಾಲಿನವನು ಎಂದಿನಷ್ಟೇ ಹಾಲು ಇಟ್ಟು ಹೋದ. ಅವಳು ಎದ್ದು ಬಕೆಟ್ ತುಂಬಿಸಿದಳು, ಹಾಲು ಕಾಯಲು ಇಟ್ಟು ಅದರ ಮುಂದೆಯೇ ನಿಂತಳು. ಹಾಲು ಅವಳ ಕಣ್ಣೆದುರಿಗೇ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಒರೆಸಿದಳು. ಅಳು ಬರಲಿಲ್ಲ. ಬರುತ್ತದೆಂದು ಮನೆಗೆ ಬಂದವರೆಲ್ಲ ಕಾದಿದ್ದರು, ಅವಳೂ ಕಾದಿದ್ದಳು. ಅದು ಎಲ್ಲೋ ದಾರಿ ತಪ್ಪಿತ್ತು.

ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೀನ್ಸ್ ನಾರು ಬಿಡಿಸುತ್ತಿದ್ದರು. ಊರಿಗೆಲ್ಲ ಸಾಕಾಗುವಷ್ಟು ರಾಶಿ.

"ಇಷ್ಟೆಲ್ಲ ಯಾಕತ್ತೆ? ಇರೋದು ಮೂರು ಜನ."

"ಕೈ ಸುಮ್ಮನಿರಲ್ಲ ಕಣೇ. ನಾನು ನಿನ್ನ ಹಾಗೆ ಗಟ್ಟಿ ಅಲ್ಲ."

ಅದು ಮೆಚ್ಚುಗೆಯೋ ಚುಚ್ಚುಮಾತೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಅತ್ತೆಗೂ ತಿಳಿದಿರಲಿಲ್ಲ.

ಗಂಡ ಗ್ಯಾಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದ. ಊರಾಚೆಯ ಆ ಡಿಪೋದಲ್ಲಿ ಹೈಡ್ರೋಜನ್ ಅನಿಲವನ್ನು ಭಾರಿ ಒತ್ತಡದಲ್ಲಿ, ಮರದ ದಿಮ್ಮಿಗಳಂಥ ಉಕ್ಕಿನ ಕೊಳವೆಗಳಲ್ಲಿ ತುಂಬಿ ಇಡುತ್ತಾರೆ. ಕೊಳವೆಯ ತುದಿಗೆ ಒಂದು ಪ್ಲಗ್, ಅಂದರೆ ಸುತ್ತ ಥ್ರೆಡ್ ಎಂಬ ತಿರುಪುಗೆರೆ ಕೊರೆದ ಮುಷ್ಟಿಗಾತ್ರದ ಉಕ್ಕಿನ ಬಿರಡೆ. ಅವನು ಎದುರಿಗೆ ಹಾದುಹೋಗುತ್ತಿದ್ದಾಗ ಅಂಥದೊಂದು ಪ್ಲಗ್ ಮುರಿದು ಸಿಡಿಯಿತು. ಹೇಳುವುದಕ್ಕೆ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. "ಒಂದು ತುಂಡು ಮಾಲು ಕೆಟ್ಟದಿತ್ತಮ್ಮ, ಯಾರ ತಪ್ಪೂ ಅಲ್ಲ" ಎಂದು ಡಿಪೋದ ಮ್ಯಾನೇಜರ್ ಮನೆಗೇ ಬಂದು ಹೇಳಿದ್ದರು. ಅತ್ತೆ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ಅದನ್ನೇ ಬಿಚ್ಚಿ ತೋರಿಸುತ್ತಿದ್ದರು: "ನನ್ನ ಮಗನ ಕೈ ತಪ್ಪು ಮಾಡೋ ಕೈ ಅಲ್ಲ. ಮಾಲೇ ಕೆಟ್ಟದಿತ್ತಂತೆ."

ಮೈದುನ ಡಿಪೋದ ನೀಲಿ ಅಂಗಿ ಹಾಕಿಕೊಂಡು ಕೋಣೆಯಿಂದ ಬಂದ. ಅಣ್ಣನೇ ಅವನನ್ನು ಅಲ್ಲಿಗೆ ಸೇರಿಸಿದ್ದು. ಅವನ ಕೆಲಸ ಅನಿಲ ತುಂಬುವುದು: ವಾಲ್ವ್ ತಿರುಗಿಸಿ, ಒತ್ತಡ ಏರುವುದನ್ನು ಮೀಟರಿನಲ್ಲಿ ನೋಡುತ್ತ ನಿಲ್ಲುವುದು.

"ಮಧ್ಯಾಹ್ನದ ಶಿಫ್ಟು ಅತ್ತಿಗೆ. ಇವತ್ತಿಂದ ಮತ್ತೆ ಶುರು."

"ಆ ಕೊಳವೆಗಳನ್ನೇ ತುಂಬ್ತೀರಾ?"

"ಮುರಿದಿದ್ದನ್ನ ಬಿಟ್ಟು ಉಳಿದ ಮೂರು. ಅವಕ್ಕೇನೂ ಆಗಿಲ್ವಲ್ಲ." ಅವನು ಚೀಲದಿಂದ ಎಣ್ಣೆ ಒರೆಸುವ ಬಟ್ಟೆಯ ಗಂಟೊಂದನ್ನು ತೆಗೆದ. "ಇದನ್ನ ಎಲ್ಲಿಡ್ಲಿ? ಒಂದರ್ಧ ಆಫೀಸ್‌ನೋರು ತಗೊಂಡ್ರು. ಇದು ಚರಂಡಿ ಜಾಲರಿ ಕೆಳಗೆ ಬಿದ್ದಿತ್ತು. ಅಣ್ಣಂದು ಅಂತ ತಂದ್ಬಿಟ್ಟೆ. ಬಿಸಾಕೋಕೆ ಮನಸ್ಸು ಬರಲಿಲ್ಲ."

ಅವಳು ಬಟ್ಟೆ ಬಿಚ್ಚಿದಳು. ಮುರಿದ ಪ್ಲಗ್‌ನ ಅರ್ಧ.

ಅವಳು ಓದಿದ್ದು ಲೋಹಶಾಸ್ತ್ರ. ವಿಶ್ವವಿದ್ಯಾಲಯದ ಪರೀಕ್ಷಾಲಯದಲ್ಲಿ ಕೆಲಸ. ಕಾರ್ಖಾನೆಗಳು ಕಳಿಸುವ ತುಂಡುಗಳನ್ನು ಎಳೆದು, ಬಗ್ಗಿಸಿ, ಮುರಿದು ನೋಡುವುದು. ಮುರಿದೇ ಬಂದದ್ದನ್ನು ಯಾಕೆ ಮುರಿಯಿತೆಂದು ಹೇಳುವುದು. "ನಾನು ಜೋಡಿಸ್ತೀನಿ, ಇವಳು ಮುರೀತಾಳೆ, ಹೀಗೆ ಇಬ್ಬರಿಗೂ ಕೈ ತುಂಬ ಕೆಲಸ" ಎಂದು ಗಂಡ ಗೆಳೆಯರ ಮುಂದೆ ನಗುತ್ತಿದ್ದ. ಹಾಗಾಗಿ ಕೈ ತಾನಾಗಿಯೇ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯಿತು. ಇದು ಅವನನ್ನು ಕೊಂದದ್ದು ಎಂಬುದು ತಲೆಗೆ ಬಂದದ್ದು ಆಮೇಲೆ. ಬಂದು, ಹಾಗೇ ಒಂದು ಪಕ್ಕಕ್ಕೆ ಸರಿದು ನಿಂತಿತು.

ಅತಿಯಾಗಿ ಬಿಗಿದು ಮುರಿದ ಉಕ್ಕು ಮೊದಲು ಜಗ್ಗುತ್ತದೆ. ಮುರಿದ ಮೈ ಮಬ್ಬಾಗಿ, ನಾರುನಾರಾಗಿ ಇರುತ್ತದೆ. ಇದು ಜಗ್ಗಿರಲೇ ಇಲ್ಲ. ಥ್ರೆಡ್‌ನ ಬುಡದಿಂದ ನೇರವಾಗಿ ಒಳಕ್ಕೆ ಹೋದ ಬಿರುಕು, ಕಲ್ಲುಸಕ್ಕರೆ ಒಡೆದ ಹಾಗೆ ಹರಳುಹರಳಾಗಿ ಮಿನುಗುತ್ತಿತ್ತು. ಮಾಲಿನಲ್ಲಿ ಗುಳ್ಳೆಯಿಲ್ಲ, ಕಸವಿಲ್ಲ. ಮಾಲು ಕೆಟ್ಟದಾಗಿರಲಿಲ್ಲ.

"ನಿಮ್ಮಣ್ಣನ ಪೆಟ್ಟಿಗೆಯಿಂದ ಅರ ತಗೊಂಡು ಬಾ."

"ಅರ ಯಾಕತ್ತಿಗೆ?"

"ತಗೊಂಡು ಬಾರೋ."

ತಂದುಕೊಟ್ಟ. ಅವಳು ಅರದ ಹಲ್ಲನ್ನು ತುಂಡಿನ ಅಂಚಿಗೆ ಒತ್ತಿ ಎಳೆದಳು. ಕಚ್ಚಲಿಲ್ಲ, ಗಾಜಿನ ಮೇಲೆ ಎಳೆದಂತೆ ಕಿರ್ರೆಂದು ಜಾರಿತು.

ಮೈದುನನ ಮುಖ ಅರಳಿತು. "ನೋಡಿದ್ರಾ! ಅಣ್ಣ ಅದಕ್ಕೇ ಇದನ್ನ ಆರಿಸಿದ್ದು. ಕಂಪನಿ ಪ್ಲಗ್‌ಗಳ ಥ್ರೆಡ್ ಸವೆದಿತ್ತು, ಹೊಸದು ಬರೋದು ಇವತ್ತು ನಾಳೆ ಅಂತ ಎಳೀತಾನೇ ಇತ್ತು. ಚಿಕ್ಕಪ್ಪನ ಲೇತ್ ಅಂಗಡಿಗೆ ಹೋಗಿ, ತಗಡು ಕತ್ತರಿಸೋ ಪ್ರೆಸ್ ಟೂಲಿನ ಉಕ್ಕಿನ ಸರಳು ಕಡ ತಂದು ತಾನೇ ನಾಲ್ಕೂ ಮಾಡಿದ. ಕಂಪನಿದಕ್ಕೆ ಅರ ಹಾಕಿದ್ರೆ ಸೌತೆಕಾಯಿ ಹೆಚ್ಚಿದ ಹಾಗೆ ಪುಡಿ ಉದುರುತ್ತೆ, ಇದು ನೋಡು, ಅರಕ್ಕೇ ಹಲ್ಲು ನೋವು ಬರುತ್ತೆ ಅಂತಿದ್ದ."

ನಾಲ್ಕೂ. ಅವಳು ಅರವನ್ನು ಮೇಜಿನ ಮೇಲಿಟ್ಟಳು.

ಫಿಟ್ಟರುಗಳು ಉಕ್ಕು ನೋಡುವುದು ಹಾಗೆಯೇ. ಅರ ಜಾರಿದರೆ ಒಳ್ಳೆಯ ಮಾಲು, ಕಚ್ಚಿದರೆ ಕಳಪೆ. ಅದೇ ಡಿಪೋದಲ್ಲಿ ನೈಟ್ರೋಜನ್ ತುಂಬುತ್ತಿದ್ದ ಕಾಲದಲ್ಲಿ ಅವನು ಅಂಥ ಗಟ್ಟಿ ಪ್ಲಗ್ ಹಾಕಿದ್ದ, ಒಂದೂ ಕೈಕೊಟ್ಟಿರಲಿಲ್ಲ.

"ಕೂತ್ಕೋ," ಎಂದಳು. "ಹೈಡ್ರೋಜನ್ ಎಲ್ಲಕ್ಕಿಂತ ಚಿಕ್ಕದು. ಆ ಒತ್ತಡದಲ್ಲಿ ಅದು ಬಿಡಿಬಿಡಿಯಾಗಿ ಉಕ್ಕಿನ ಒಳಕ್ಕೇ ನುಗ್ಗುತ್ತೆ. ಎಲ್ಲಿ ಎಳೆತ ಜಾಸ್ತಿಯೋ ಅಲ್ಲಿ ಹೋಗಿ ಗುಂಪು ಕಟ್ಟುತ್ತೆ, ಥ್ರೆಡ್‌ನ ಬುಡದಲ್ಲಿ. ಮೆತ್ತನೆ ಉಕ್ಕಾದರೆ ಒಂಚೂರು ಬಗ್ಗಿ, ಜಗ್ಗಿ ಸುಧಾರಿಸ್ಕೊಳ್ಳುತ್ತೆ. ಇಷ್ಟು ಗಟ್ಟಿ ಇರೋದು ಬಗ್ಗಲ್ಲ. ಹರಳು ಹರಳಿನ ಸಂದೀಲೇ ಬಿಟ್ಕೊಳ್ಳುತ್ತೆ. ಒಂದೇ ದಿನಕ್ಕಲ್ಲ, ಮೆಲ್ಲಗೆ. ಅದಕ್ಕೇ ಅಲ್ಲಿಗೆ ಮೆತ್ತನೆಯದನ್ನೇ ಹಾಕೋದು. ಕಂಪನಿಯ ಸೌತೆಕಾಯಿಯೇ ಸರಿ ಇತ್ತು."

ಅವನು ಅರವನ್ನೂ ತುಂಡನ್ನೂ ನೋಡಿದ. ಅರ್ಥವಾಗುತ್ತಿದ್ದಂತೆ ಮುಖ ಕೆಂಪಾಯಿತು.

"ಅಂದ್ರೆ? ಅಣ್ಣ ತನ್ನ ಕೈಯಾರೆ... ಅವನೇ ಮಾಡಿ, ಅವನೇ ಹಾಕಿ..." ಅವನು ತುಂಡನ್ನು ಮೇಜಿನಾಚೆಗೆ ತಳ್ಳಿದ. "ಹೇಗೆ ಹೇಳ್ತೀರಿ ನೀವು ಅದನ್ನ? ನಿಮಗೆ ಇದು ಲ್ಯಾಬಿಗೆ ಬಂದ ಇನ್ನೊಂದು ತುಂಡು ಅಷ್ಟೇ ಅಲ್ವಾ? ಒಂದು ಹನಿ ಕಣ್ಣೀರು ಹಾಕಲಿಲ್ಲ. ಈಗ ಎಲ್ಲಾರೂ ಯಾರ ತಪ್ಪೂ ಇಲ್ಲ ಅಂತಿರುವಾಗ ನೀವೊಬ್ಬರು ತಪ್ಪು ಹುಡುಕ್ತಾ ಇದ್ದೀರಾ."

"ಉಳಿದ ಮೂರು ಕೊಳವೆಯ ಪ್ಲಗ್ ಯಾವ ಸರಳಿಂದು?"

ಅವನು ಅಂಗಿಯ ಗುಂಡಿ ತಿರುವತೊಡಗಿದ.

"ಇವತ್ತು ಅದರ ಮುಂದೆ ನಿಂತು ತುಂಬೋರು ಯಾರು?"

ಅಡುಗೆಮನೆಯಲ್ಲಿ ಬೀನ್ಸ್ ಮುರಿಯುವ ಸದ್ದು ನಿಂತಿತ್ತು.

"ನಿನ್ನ ಜೊತೆ ನಾನೂ ಬರ್ತೀನಿ," ಎಂದು ಅವಳು ಎದ್ದಳು.

ಬಸ್ಸಿನಲ್ಲಿ ಅವನು ಬೇರೆ ಸೀಟಿನಲ್ಲಿ ಕೂತ.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಅವಳನ್ನು ಕಂಡ ಕೂಡಲೇ ಎದ್ದು ನಿಂತು, ತಮ್ಮ ಕುರ್ಚಿಯನ್ನೇ ಅವಳತ್ತ ತಳ್ಳಿ, ಚಹಾ ತರಿಸಿದರು. ಅವಳು ತುಂಡನ್ನು ಮೇಜಿನ ಮೇಲಿಟ್ಟು ಹೇಳಬೇಕಾದದ್ದನ್ನು ಹೇಳಿದಳು. ಅವರ ಒಳ್ಳೆಯತನ ಮೆಲ್ಲಗೆ ಇಳಿಯತೊಡಗಿತು.

"ನೋಡಮ್ಮ, ದುಃಖದಲ್ಲಿ ಮನಸ್ಸಿಗೆ ಏನೇನೋ ತೋಚುತ್ತೆ. ಆ ಪ್ಲಗ್‌ಗಳು ನೀರಿನ ಪರೀಕ್ಷೆ ಪಾಸಾಗಿವೆ. ಕೆಲಸದ ಒತ್ತಡಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟು ನೋಡಿದೀವಿ. ಒಂದು ಹನಿ ಸೋರಿಲ್ಲ."

"ನೀರಲ್ಲಿ ಸೋರಲ್ಲ ಸರ್. ಬೇಕಾದರೆ ಇನ್ನೂ ಜಾಸ್ತಿ ಕೊಟ್ಟರೂ ತಡಕೊಳ್ಳುತ್ತೆ. ನೀರು ಉಕ್ಕಿನ ಒಳಗೆ ಹೋಗಿ ಕೂರಲ್ಲ. ಇದಕ್ಕೆ ತೊಂದರೆ ಹೈಡ್ರೋಜನ್‌ನಿಂದ."

"ನೀರಲ್ಲೂ ಹೈಡ್ರೋಜನ್ ಇರುತ್ತಲ್ಲಮ್ಮ? ಶಾಲೇಲಿ ಓದಿದ್ದು ನನಗೂ ಅಷ್ಟಿಷ್ಟು ನೆನಪಿದೆ," ಎಂದು ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ ಸ್ಟೋರ್‌ಕೀಪರ್ ಕಡೆ ನೋಡಿ ನಕ್ಕರು.

"ಇರುತ್ತೆ. ಅದು ಆಕ್ಸಿಜನ್ ಜೊತೆ ಸಂಸಾರ ಹೂಡಿಕೊಂಡು ಕೂತಿರೋದು, ಎಲ್ಲಿಗೂ ಹೊರಡಲ್ಲ. ಕೊಳವೆಯಲ್ಲಿರೋದಕ್ಕೆ ಹಾಗೆ ಕಟ್ಟಿಹಾಕೋರು ಯಾರೂ ಇಲ್ಲ. ಒಂಟಿ ಆಯ್ತು ಅಂದ್ರೆ ಎಲ್ಲಿ ಬೇಕಾದರೂ ನುಗ್ಗುತ್ತೆ."

ಪರೀಕ್ಷಾಲಯಕ್ಕೆ ಬರುವ ವಿದ್ಯಾರ್ಥಿಗಳಿಗೆ ಅವಳು ಪ್ರತಿ ವರ್ಷ ಹೇಳುತ್ತಿದ್ದ ಮಾತದು. ಅವರು ಪ್ರತಿ ವರ್ಷ ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಸ್ಟೋರ್‌ಕೀಪರ್ ತನ್ನ ಚಪ್ಪಲಿ ನೋಡಿಕೊಂಡ. ಸಂಸಾರ, ಒಂಟಿ ಎಂಬ ಮಾತು ಈಗ ತನಗೇ ತಾಗುತ್ತದೆಂದು ಅವಳಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು.

"ಒಂದನ್ನ ಬಿಚ್ಚಿ ನೋಡಿ ಸರ್," ಎಂದಳು. "ತುಂಬೋ ಮುಂಚೆ. ಒಂದೇ ಒಂದು."

"ಬಿಚ್ಚೋದು ಅಂದ್ರೆ ಒಳಗೆ ಉಳಿದಿರೋ ಗ್ಯಾಸ್ ಎಲ್ಲ ಖಾಲಿ ಮಾಡಬೇಕು, ಮತ್ತೆ ಪರೀಕ್ಷೆ, ಮತ್ತೆ ಒಪ್ಪಿಗೆ. ಅತ್ತ ಕಡೆ ಗಿರಾಕಿಗಳು ನನ್ನ ಪ್ರಾಣ ತಿಂತಿದ್ದಾರೆ. ಮತ್ತೆ, ಇನ್ನೊಂದು ಮಾತು..." ದನಿ ತಗ್ಗಿಸಿದರು. "ಮಾಲು ಕೆಟ್ಟದಿತ್ತು ಅಂತ ಬರೆದು ಮುಗಿಸಿದೀವಿ. ನೀವು ಹೇಳಿದ್ದನ್ನ ಬರೆದರೆ ಅವನ ಹೆಸರು ಬರುತ್ತೆ. ಸತ್ತೋನ ಮೇಲೆ ಯಾಕಮ್ಮ ಹಾಕಬೇಕು? ನಾವು ಯಾರೂ ಹಾಕಿಲ್ಲ. ನೀವೇ ಹಾಕ್ತೀರಾ?"

ಅವಳು ಚಹಾದ ಲೋಟವನ್ನು ನೋಡಿದಳು. ಹೌದು ಎನ್ನಬೇಕಿತ್ತು.

"ನಾನು ವಾಲ್ವ್ ತಿರುಗಿಸಲ್ಲ ಸರ್."

ಹೇಳಿದವನು ಮೈದುನ. ಗೋಡೆಗೆ ಒರಗಿ ನಿಂತಿದ್ದ. ಅತ್ತಿಗೆಯ ಕಡೆ ನೋಡಲಿಲ್ಲ.

"ಏನೋ ಇದು?"

"ಬಿಚ್ಚಿ ನೋಡಿ. ಏನೂ ಇಲ್ಲ ಅಂದ್ರೆ ನಾನೇ ನಿಂತು ತುಂಬ್ತೀನಿ, ಬೇಕಾದ್ರೆ ಎರಡು ಶಿಫ್ಟು. ಈಗ ತಿರುಗಿಸಲ್ಲ. ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ ಅಂದ್ರೆ ಅವರಿಗೂ ಹೇಳ್ತೀನಿ, ಅತ್ತಿಗೆ ಏನಂದ್ರು ಅಂತ."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. "ಅಣ್ಣನಿಗಿಂತ ಮೊಂಡ," ಎಂದು ಗೊಣಗಿ ಫೋನ್ ಎತ್ತಿದರು.

ಕೊಳವೆಯೊಂದನ್ನು ಖಾಲಿ ಮಾಡಿ ಪ್ಲಗ್ ಬಿಚ್ಚಿ ತರುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಇಳಿಮುಖವಾಗಿತ್ತು. ನೋಡುವುದಕ್ಕೆ ಹೊಚ್ಚ ಹೊಸದರಂತಿತ್ತು. ಥ್ರೆಡ್‌ಗಳು ಗಂಡನ ಕೈಬರಹದ ಹಾಗೆ ಒಂದರ ಪಕ್ಕ ಒಂದು ಅಚ್ಚುಕಟ್ಟು. ಮ್ಯಾನೇಜರ್ ಅವಳ ಮುಖ ನೋಡಿದರು. ಅವಳು ಕೆಂಪು ಬಣ್ಣದ ಡಬ್ಬಿ ಕೇಳಿದಳು. ಬೆಸುಗೆ ಪರೀಕ್ಷಿಸಲು ಡಿಪೋದಲ್ಲೇ ಇಟ್ಟಿರುತ್ತಾರೆ: ಕೆಂಪು ಬಣ್ಣ ಎರಚಿ, ಇಂಗಲು ಬಿಟ್ಟು, ಒರೆಸಿ ತೆಗೆದು, ಮೇಲೆ ಬಿಳಿ ಪುಡಿ ಸಿಂಪಡಿಸುವುದು. ಬಿರುಕಿದ್ದರೆ ಒಳಗೆ ಅಡಗಿದ ಕೆಂಪು ಪುಡಿಯ ಮೇಲೆ ಮೂಡುತ್ತದೆ.

ಬಿಳಿ ಪುಡಿ ಒಣಗಿತು. ಏನೂ ಇಲ್ಲ. ಮೈದುನ ಉಸಿರು ಬಿಟ್ಟ. ಆ ಉಸಿರಿನಲ್ಲಿ ಸಮಾಧಾನವೂ ಇತ್ತು, ಅವಳ ಮೇಲಿನ ಸಿಟ್ಟೂ ಇತ್ತು.

"ತಾಳು," ಎಂದಳು ಅವಳು.

ಕೊನೆಯ ಥ್ರೆಡ್‌ನ ಬುಡದಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಎದ್ದಿತು. ನೋಡುತ್ತಿದ್ದಂತೆಯೇ ಅದು ಪ್ಲಗ್‌ನ ಸುತ್ತ ಅರ್ಧದಷ್ಟು ಹರಿಯಿತು.

ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದರು, ಪ್ಲಗ್ ಈಗಲೂ ಸಿಡಿಯುತ್ತದೇನೋ ಎಂಬಂತೆ. ಆಮೇಲೆ ಸ್ಟೋರ್‌ಕೀಪರ್‌ಗೆ ಹೇಳಿದರು, "ಉಳಿದ ಎರಡನ್ನೂ ಖಾಲಿ ಮಾಡಿಸು. ಈಗಲೇ."

ಮೈದುನ ಆ ಗೆರೆಯನ್ನೇ ನೋಡುತ್ತ ನಿಂತಿದ್ದ. "ಇವತ್ತೇ ಸಿಡೀತಿತ್ತಾ ಅತ್ತಿಗೆ?" ಎಂದ.

"ಗೊತ್ತಿಲ್ಲ. ಇವತ್ತೋ, ಮುಂದಿನ ತಿಂಗಳೋ. ಇದಕ್ಕೆ ಹೇಳಿ ಬರೋ ಅಭ್ಯಾಸ ಇಲ್ಲ."

ಹೊರಡುವ ಮುಂಚೆ ಅವಳು ಉಳಿದ ಸರಳು ಎಲ್ಲಿದೆ ಎಂದು ಕೇಳಿದಳು. ಇನ್ನೊಬ್ಬ ಫಿಟ್ಟರ್ ಅದಕ್ಕೆ ಅರ ಹಾಕಿ ನೋಡಿ, ಒಳ್ಳೆಯ ಮಾಲೆಂದು ಮತ್ತೆ ಪ್ಲಗ್ ಮಾಡುವುದು ಅವಳಿಗೆ ಬೇಡವಾಗಿತ್ತು. ಸ್ಟೋರ್‌ಕೀಪರ್ ಗಂಡನ ಬೆಂಚಿನ ಕೆಳಗಿಂದ ಮೊಳದುದ್ದದ ತುಂಡನ್ನು ಎಳೆದು, "ಇದು ನಮ್ಮ ಸ್ಟಾಕಲ್ಲ ಮೇಡಂ, ಅವರೇ ಹೊರಗಿಂದ ತಂದಿದ್ದು. ತಗೊಂಡು ಹೋಗಿ" ಎಂದು ಬಟ್ಟೆ ಚೀಲಕ್ಕೆ ಹಾಕಿಕೊಟ್ಟ. ಕೂಸಿನಷ್ಟು ಭಾರವಿತ್ತು. ಮೈದುನ ಕೈ ಚಾಚಿದ. ಅವಳು ಕೊಡಲಿಲ್ಲ. ಬಸ್ಸಿನಲ್ಲಿ ಅವನು ಪಕ್ಕದಲ್ಲೇ ಕೂತ.

ಮನೆಗೆ ಬಂದಾಗ ಅತ್ತೆ ದೀಪ ಹಾಕದೆ ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬೆಳಗಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಅದನ್ನು ಅವರು ಹೇಳಲೂ ಇಲ್ಲ, ಬಚ್ಚಿಡಲೂ ಇಲ್ಲ.

"ಬಿರುಕಿತ್ತಾ?"

"ಇತ್ತು ಅತ್ತೆ."

"ಅವನು ಮಾಡಿದ್ದರಲ್ಲೇ?"

"ಹೂಂ."

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅವನಿಗೆ ಗೊತ್ತಾಯ್ತೇನೇ? ಕೊನೇಲಿ. ತನ್ನದೇ ಪ್ಲಗ್ ಅಂತ."

"ಇಲ್ಲ ಅತ್ತೆ. ಗೊತ್ತಾಗೋಷ್ಟು ಹೊತ್ತಿರಲಿಲ್ಲ."

"ನಿಜ ಹೇಳ್ತಿದೀಯೋ, ನನ್ನ ಸಮಾಧಾನಕ್ಕೋ?"

"ಸಮಾಧಾನಕ್ಕೆ ಹೇಳೋದಾಗಿದ್ರೆ ಇವತ್ತು ಡಿಪೋಗೇ ಹೋಗ್ತಿರಲಿಲ್ಲ."

ಅತ್ತೆ ಅದನ್ನು ಒಪ್ಪಿಕೊಂಡರು. ಒಪ್ಪಿಕೊಂಡು, "ಚಿಕ್ಕೋನು ಎಲ್ಲಿ?" ಎಂದರು, ಗಾಬರಿಯಿಂದ, ಈಗ ನೆನಪಾದವರ ಹಾಗೆ.

"ಇಲ್ಲೇ ಅಮ್ಮ. ಶೂ ಲೇಸು ಗಂಟಾಗಿದೆ," ಎಂದು ಮೆಟ್ಟಿಲ ಮೇಲಿಂದ ದನಿ ಬಂತು.

"ಬಾ ಒಳಗೆ. ಬೀನ್ಸ್ ಪಲ್ಯ ರಾಶಿ ಉಳಿದಿದೆ. ಯಾರೂ ತಿನ್ನೋರೇ ಇಲ್ಲ ಈ ಮನೇಲಿ." ಅಷ್ಟು ಹೇಳಿ ಅತ್ತೆ ಜೋರಾಗಿ ಅತ್ತರು. ಅವಳು ಪಕ್ಕದಲ್ಲಿ ನಿಂತು ಅವರ ಬೆನ್ನ ಮೇಲೆ ಕೈಯಿಟ್ಟಳು. ಕೈ ಇಡಬಹುದು ಎಂಬುದೇ ಆ ಹೊತ್ತಿಗೆ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಪರೀಕ್ಷಾಲಯಕ್ಕೆ ಹೋಗುವ ದಾರಿಯಲ್ಲಿ ಚಿಕ್ಕಮಾವನ ಲೇತ್ ಅಂಗಡಿಗೆ ಇಳಿದಳು. ಮಾವನವರ ತಮ್ಮ ಅವರು. ಮಾವ ತೀರಿಕೊಂಡ ಮೇಲೆ ಇಬ್ಬರು ಹುಡುಗರಿಗೂ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು. ಷಟರ್ ಅರ್ಧ ಎತ್ತಿತ್ತು. ಲೇತ್ ನಿಂತಿತ್ತು. ಚಿಕ್ಕಮಾವ ಸ್ಟೂಲಿನ ಮೇಲೆ ಕೂತಿದ್ದರು, ಮುಂದಿನ ಚಹಾ ಕೆನೆಗಟ್ಟಿತ್ತು.

"ಚಿಕ್ಕೋನು ಫೋನ್ ಮಾಡಿದ್ದ," ಎಂದರು. "ಎಲ್ಲ ಹೇಳಿದ."

ಅವಳು ಚೀಲವನ್ನು ಬೆಂಚಿನ ಮೇಲಿಟ್ಟು ಸರಳನ್ನು ಹೊರತೆಗೆದಳು.

"ಅದನ್ನ ಯಾಕಮ್ಮ ಹೊತ್ಕೊಂಡು ಬಂದೆ? ಹಾಳು ಬಾವಿಗೆ ಎಸೀಬೇಕಿತ್ತು. ಆ ದರಿದ್ರ ನನ್ನ ಅಂಗಡೀಲಿ ಬೇಡ."

"ನಿಮ್ಮದು, ಚಿಕ್ಕಮಾವ. ಅವರು ಕಡ ಅಂತಲೇ ತಂದಿದ್ದು."

"ಕಡ ಅಂತೆ ಕಡ."

"ಉಕ್ಕಿಗೇನೂ ಆಗಿಲ್ಲ. ಒಳ್ಳೆ ಉಕ್ಕು. ಪ್ರೆಸ್ ಟೂಲಿಗೆ ಅಂತ ಮಾಡಿದ್ದು, ಅಲ್ಲಿ ಇದಕ್ಕೆ ಎದುರಿಲ್ಲ. ಹೈಡ್ರೋಜನ್ ಹತ್ತಿರ ಹೋಗಬಾರದಿತ್ತು, ಅಷ್ಟೇ. ಅದು ನಿಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ."

"ನಿನಗೆ ಗೊತ್ತಿತ್ತು." ದೂರುವ ದನಿಯಲ್ಲ. ಸುಮ್ಮನೆ ಹೇಳಿದರು.

"ಗೊತ್ತಿತ್ತು. ನನ್ನನ್ನ ಕೇಳಲಿಲ್ಲ. ಪ್ಲಗ್ಗಲ್ಲಿ ಕೇಳೋದೇನಿದೆ ಅಂದ್ಕೊಂಡಿರ್ತಾರೆ."

"ಅವನು ಯಾರನ್ನ ಏನು ಕೇಳಿದ್ದಾನೆ ಹೇಳು!" ಚಿಕ್ಕಮಾವ ಕಣ್ಣೊರೆಸಿಕೊಂಡರು, ಕೈಯ ಎಣ್ಣೆ ಕೆನ್ನೆಗೆ ಹತ್ತಿತು. "ದಾರಿ ಕೇಳು ಅಂದ್ರೂ ಕೇಳ್ತಿರಲಿಲ್ಲ. ಒಂದ್ಸಲ ನನ್ನ ಗೆಳೆಯನ ಮಗಳ ಮದುವೆಗೆ ಅಂತ ಕಳಿಸಿದ್ರೆ, ಯಾವುದೋ ಮದುವೇಲಿ ಉಂಡು, ಯಾರಿಗೋ ಉಡುಗೊರೆ ಕೊಟ್ಟು, ಫೋಟೋಗೂ ನಿಂತು ಬಂದಿದ್ದ. ಹುಡುಗಿ ಯಾಕೋ ಅಷ್ಟು ಎತ್ತರ ಆಗ್ಬಿಟ್ಟಿದ್ದಾಳೆ ಚಿಕ್ಕಪ್ಪ ಅಂತಾನೆ."

ಅವಳಿಗೆ ನಗು ಬಂತು. ಆ ಕಥೆ ಅವನು ಅವಳಿಗೆ ಹೇಳಿರಲೇ ಇಲ್ಲ.

ಚಿಕ್ಕಮಾವ ಎದ್ದು ಸರಳನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದರು. "ಅವನು ತಗೊಂಡು ಹೋದಾಗ ಇದರ ಎರಡರಷ್ಟಿತ್ತು."

"ಬಾಕಿದು ಕೊಡೋಕಾಗಲ್ಲ, ಚಿಕ್ಕಮಾವ. ಆ ಪ್ಲಗ್‌ಗಳು ಲ್ಯಾಬಿಗೆ ಬರ್ತವೆ. ನಾನೇ ಕೊಯ್ದು ನೋಡಬೇಕು."

"ನೀನೇನಾ? ಬೇರೆ ಯಾರೂ ಇಲ್ವಾ ಅಲ್ಲಿ?"

"ಇದ್ದಾರೆ. ನಾನೇ ನೋಡ್ತೀನಿ."

ಅವರು ಸರಳನ್ನು ಎಲ್ಲಿಡಲಿ ಎಂಬಂತೆ ಗೋಡೆಯ ಕಡೆ ತಿರುಗಿದರು. ಅಲ್ಲಿ ಸರಳುಗಳೆಲ್ಲ ಗುರುತಿನ ಬಣ್ಣವಿಲ್ಲದೆ, ಬೆರಕೆಯಾಗಿ ಒರಗಿ ನಿಂತಿದ್ದವು.

"ಅಲ್ಲಿ ಬೇಡ," ಎಂದಳು. "ಬೇರೆ ಇಡಿ. ತುದಿಗೆ ಬಣ್ಣ ಹಚ್ಚಿ. ಯಾರು ಅರ ಹಾಕಿ ನೋಡಿ ಕೇಳಿದರೂ, ಯಾವ ಕೆಲಸಕ್ಕೆ ಅಂತ ಮೊದಲು ಕೇಳಿ."

ಚಿಕ್ಕಮಾವ ಹಳೆಯ ಬಣ್ಣದ ಡಬ್ಬಿಯೊಂದನ್ನು ಹುಡುಕಿ ತಂದರು. ಮುಚ್ಚಳ ಅಂಟಿಕೊಂಡಿತ್ತು. ಅವಳು ಡಬ್ಬಿಯನ್ನು ಹಿಡಿದುಕೊಂಡಳು, ಅವರು ಸ್ಕ್ರೂಡ್ರೈವರ್ ತೂರಿಸಿ ಮೀಟಿದರು. ಬೆಂಚಿನ ಮೇಲೆ ಸರಳನ್ನು ಉರುಳಿಸುತ್ತ ತುದಿಗೆ ನಿಧಾನವಾಗಿ ಹಳದಿ ಬಳಿದು, ಒಳಗಿನ ಕೋಣೆಯಲ್ಲಿ ಅದನ್ನೊಂದನ್ನೇ ಒರಗಿಸಿ ಬಂದರು. ಅವಳು ಖಾಲಿ ಚೀಲವನ್ನು ಕೊಡವಿ ಮಡಚಿಕೊಂಡಳು, ಕೆಲಸಕ್ಕೆ ಹೊತ್ತಾಯಿತೆಂದು ಹೇಳಿ ಷಟರ್ ಕೆಳಗೆ ಬಗ್ಗಿ ಹೊರಗೆ ಬಂದಳು.